ಬ್ಯಾಟರಿ ಗಾಡಿಗೆ ಬಟನ್ ಟೈರು

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂದು ಪುಟ್ಟ ಟೈರು ಮಲಗಿದೆ. ಅದರೊಳಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ, ಹುಲುಸಾಗಿ ಬಂದಿದೆ. ಮನೆಗೆ ಬಂದವರು ಅದನ್ನು ನೋಡಿ, "ಓ, ಟೈರಲ್ಲಿ ಗಾರ್ಡನ್ನಾ ಆಂಟಿ? ಸೂಪರ್!" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಎಲ್ಲದಕ್ಕೂ ಹೂಂ ಅನ್ನುವುದು ನನ್ನ ಹಳೆಯ ಅಭ್ಯಾಸ.

ಇಂಚರ, ಚಿನ್ನು, ಆ ಟೈರಿನ ಕಥೆ ನಡೆದ ದಿನ ನೀವಿಬ್ಬರೂ ಅಲ್ಲೇ ಇದ್ದಿರಿ. ಆದರೂ ಬರೆದಿಡುತ್ತಿದ್ದೇನೆ. ಯಾಕೆಂದರೆ ಚಿನ್ನು ಆಗಲೇ ಶಾಲೆಯಲ್ಲಿ, "ನಮ್ಮಜ್ಜಿ ಗಾಡೀನೇ ಎತ್ತಿಬಿಟ್ರು" ಅಂತ ಹೇಳಿ ಬಂದಿದ್ದಾನಂತೆ. ಇನ್ನು ನಾಲ್ಕು ವರ್ಷ ಬಿಟ್ಟರೆ ನಾನು ಜೆಸಿಬಿಯನ್ನೇ ಎತ್ತಿರುತ್ತೇನೆ. ಬಾಯಲ್ಲಿ ಹೇಳು ಅಂದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬರೆ ಅಂದರೆ ಪರವಾಗಿಲ್ಲ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ನಾನು ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. "ಈ ಹುಡುಗಿ ಧಾರೆ ಮಂಟಪಕ್ಕೂ ಸ್ಲೇಟ್ ತರ್ತಾಳೆ ನೋಡ್ತಿರಿ" ಅಂತ ಮೇಷ್ಟ್ರು ನಗುತ್ತಿದ್ದರು.

ಮೊದಲು ಗಾಡಿಯ ವಿಷಯ. ಚಿಕ್ಕಬಾಣಾವರ ದಾಟಿದ ಮೇಲೆ, ಹೊಲ ಮುಗಿಯಿತು ಅನ್ನುವಷ್ಟರಲ್ಲಿ ಮನೆ, ಮನೆ ಮುಗಿಯಿತು ಅನ್ನುವಷ್ಟರಲ್ಲಿ ಹೊಲ ಬರುವ ಜಾಗದಲ್ಲಿ ನಮ್ಮ ಲೇಔಟ್ ಇದೆಯಲ್ಲ, ಅದನ್ನು ಮಾರುವ ಕಾಲಕ್ಕೆ ಬಿಲ್ಡರು ಒಂದು ಗಾಲ್ಫ್ ಕಾರ್ಟ್ ಇಟ್ಟಿದ್ದ. ಕೊಳ್ಳಲು ಬಂದವರನ್ನು ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸುವುದು. ಬಿಳಿ ಬಣ್ಣ, ತಲೆಯ ಮೇಲೆ ಚಪ್ಪರ, ಬದಿಗೆ ಬಾಗಿಲಿಲ್ಲ, ನಾಮಕರಣದ ತೊಟ್ಟಿಲಿಗೆ ಚಕ್ರ ಹಾಕಿದಂತೆ. ಗಾಲ್ಫ್ ಅಂದರೇನು ಅಂತ ನಿಮ್ಮಮ್ಮನನ್ನು ಕೇಳಿದೆ. "ಒಂದು ಚೆಂಡನ್ನ ದೂರಕ್ಕೆ ಹೊಡೀತಾರಮ್ಮ, ಆಮೇಲೆ ಗಾಡೀಲಿ ಕೂತು ಅದನ್ನ ಹುಡುಕ್ಕೊಂಡು ಹೋಗ್ತಾರೆ" ಅಂದಳು. ನಮ್ಮೂರಲ್ಲಿ ಎಮ್ಮೆ ತಪ್ಪಿಸಿಕೊಂಡರೆ ನಮ್ಮಪ್ಪನೂ ಹೀಗೇ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆದರೆ ಅವರು ತಾವೇ ಎಮ್ಮೆಯನ್ನು ಓಡಿಸಿ ಆಮೇಲೆ ಹುಡುಕುತ್ತಿರಲಿಲ್ಲ.

ಮನೆಗಳು ಮಾರಿಹೋದ ಮೇಲೆ ಬಿಲ್ಡರು ಎರಡನ್ನು ನಮಗೆ ಬಿಟ್ಟು ಹೋದ. ಒಂದು ಈ ಗಾಡಿ. ಇನ್ನೊಂದು, ಗೇಟಿನಿಂದ ಬಸ್ಸು ಓಡಾಡುವ ರಸ್ತೆಯವರೆಗಿನ ಮಣ್ಣಿನ ದಾರಿ. ಆ ದಾರಿಯನ್ನು ನೀರಿನ ಪೈಪಿನವರು ಅಗೆದರು, ಚರಂಡಿಯವರು ಅಗೆದರು, ಕೇಬಲ್ಲಿನವರು ಅಗೆದರು. ಮುಚ್ಚುವವರು ಮಾತ್ರ ಯಾರೂ ಬರಲಿಲ್ಲ. ಗೇಟಿನ ಒಳಗಿನದು ಅಸೋಸಿಯೇಷನ್ನಿನದು, ಬಸ್ಸಿನ ರಸ್ತೆ ಸರ್ಕಾರದ್ದು, ನಡುವಿನದು ದೇವರದು. ದೇವರು ಟಾರು ಹಾಕಿಸುವುದಿಲ್ಲ. ಮಳೆಯನ್ನು ಮಾತ್ರ ತಪ್ಪದೆ ಸುರಿಸುತ್ತಾನೆ.

ಗಾಡಿ ವಯಸ್ಸಾದವರಿಗೆ ಅಂತ ಕಮಿಟಿಯವರು ಗೊತ್ತು ಮಾಡಿದ್ದರು. ಡ್ರೈವರ್ ಮುನಿರಾಜು ಬೆಳಗ್ಗೆ ಮನೆಗಳ ಮುಂದೆ ಬಂದು ನಿಲ್ಲಿಸಿ, "ಅಮ್ಮೋರೇ, ಹತ್ಕಳಿ" ಅನ್ನುತ್ತಿದ್ದ. ನಾನು, ಪಕ್ಕದ ಮನೆಯ ಸಾವಿತ್ರಮ್ಮ, ಎದುರು ಸಾಲಿನ ಹಸೀನಾ ಬೀ, ನಾವು ಮೂರು ಜನ ಅದರ ಖಾಯಂ ಗಿರಾಕಿಗಳು. ಸಾವಿತ್ರಮ್ಮನಿಗೆ ದೇವಸ್ಥಾನ, ಹಸೀನಾ ಬೀಗೆ ತಂಗಿಯ ಟೈಲರ್ ಅಂಗಡಿ. ನನಗೆ ಶನಿವಾರ ಶನಿವಾರ ಬಾಗಲಗುಂಟೆಯ ಅಕ್ಕನ ಮನೆ. ಗಾಡಿಯಲ್ಲಿ ಬಸ್ಸಿನ ರಸ್ತೆಗೆ, ಅಲ್ಲಿಂದ ಬಸ್ಸು. ಅಕ್ಕನ ಮಂಡಿ ಸವೆದುಹೋಗಿದೆ, ಅವಳು ಬರಲಾರಳು. ನಾನು ಹೋದರೇ ಉಂಟು.

ಇಲ್ಲಿ ನಿಮಗೆ ಒಂದು ವಿಷಯ ಬಿಡಿಸಿ ಹೇಳಬೇಕು. "ಮನೇಲಿ ಕಾರಿದೆ, ಅಪ್ಪನ್ನ ಕೇಳಿದ್ರೆ ಬಿಟ್ಟು ಬರಲ್ವಾ?" ಅಂತ ಇಂಚರ ಎಷ್ಟೋ ಸಲ ಕೇಳಿದ್ದಾಳೆ. ಬಿಟ್ಟು ಬರುತ್ತಾರೆ ಕಣಮ್ಮ. ಕೇಳುವುದು ಹೇಗೆ? ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ನಮ್ಮಮ್ಮ ನಿಮ್ಮಜ್ಜನ ಹತ್ತಿರ ಮಾತಾಡಬೇಕಾದರೆ ಕಂಬದ ಕಡೆ ತಿರುಗಿ, "ಊಟಕ್ಕೆ ಎಲೆ ಹಾಕೈತೆ, ಬಂದೋರು ಏಳ್ಬೇಕು" ಅಂತ ಕಂಬಕ್ಕೆ ಹೇಳುತ್ತಿದ್ದಳು. ಈ ಮನೆಯಲ್ಲಿ ಕಂಬವಿಲ್ಲ. ನೀವಿದ್ದಿರಿ. "ಇಂಚರ, ನಿಮ್ಮಪ್ಪನಿಗೆ ಹೇಳು, ಚಟ್ನಿ ಇನ್ನೂ ಇದೆ." ನಿಮ್ಮಪ್ಪ ಅಲ್ಲೇ ಮಾರುದೂರದಲ್ಲಿ ತಟ್ಟೆ ಹಿಡಿದು ಕೂತಿರುತ್ತಿದ್ದರು. "ಅಜ್ಜಿಗೆ ಹೇಳು ಪುಟ್ಟಾ, ಸಾಕು." ನೀನು ಎರಡು ಕಡೆಗೂ ಮುಖ ತಿರುಗಿಸಿ ಸುದ್ದಿ ಮುಟ್ಟಿಸಿ, ನನ್ನ ಹತ್ತಿರ ಒಂದು ತುಂಡು ಕೊಬ್ಬರಿ ಮಿಠಾಯಿ ವಸೂಲು ಮಾಡುತ್ತಿದ್ದೆ. ಚಿನ್ನು ಮಾತು ಕಲಿತ ಮೇಲೆ ಅವನೂ ಈ ವ್ಯಾಪಾರಕ್ಕೆ ಇಳಿದ.

ನಿಮ್ಮಪ್ಪ ಒಳ್ಳೆಯವರು. ಅದಕ್ಕೇ ಇನ್ನೂ ಸಂಕೋಚ. ಮಗಳ ಮನೆಯಲ್ಲಿ ಇರುವವಳು ಅಳಿಯನನ್ನು ಕಾರು ಕೇಳುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ಆ ಬಡಪಾಯಿ ಬ್ಯಾಟರಿ ಗಾಡಿ ನನಗೆ ಏನಾಗಿತ್ತು ಅಂದರೆ, ವಾರಕ್ಕೊಂದು ದಿನ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಅಧಿಕಾರವಾಗಿತ್ತು.

ಆ ಮಳೆಗಾಲದಲ್ಲಿ ಆ ಅಧಿಕಾರ ಕೆಸರಿನಲ್ಲಿ ಹೂತಿತು. ಗಾಲ್ಫ್ ಗಾಡಿಯ ಟೈರು ಹುಲ್ಲಿನ ಮೇಲೆ ಓಡುವುದಕ್ಕೆ ಮಾಡಿದ್ದಂತೆ. ಚಿಕ್ಕದು, ನುಣುಪು, ಕೂಸಿನ ಅಂಗಾಲಿನಂಥದು. ಕೇಬಲ್ಲಿನ ಗುಂಡಿಗೆ ಇಳಿದದ್ದು ಮೇಲೇಳಲಿಲ್ಲ. ಮುನಿರಾಜು ಒತ್ತಿದಷ್ಟೂ ಚಕ್ರ ನಿಂತಲ್ಲೇ ತಿರುಗಿ ನಮ್ಮ ಮೂವರ ಮೇಲೂ ಕೆಂಪು ಓಕುಳಿ ಎರಚಿತು. "ಹೋಳಿನಾ ಏನ್ರೀ ಇದು?" ಅಂತ ಹಸೀನಾ ಬೀ ಸೆರಗು ಹಿಂಡಿದರು. ಅಷ್ಟರಲ್ಲಿ ನಿಮ್ಮಪ್ಪ ಕಾರಿನಲ್ಲಿ ಬಂದರು. ಹತ್ತಿಸಿಕೊಂಡರು. ನಾನು ಹಿಂದಿನ ಸೀಟಿನ ಅಂಚಿನಲ್ಲಿ, ಕೆಸರಿನ ಪಾದಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂತೆ. ಅವರಿಗೆ ಥ್ಯಾಂಕ್ಸ್ ಹೇಳಬೇಕಲ್ಲ? ನಿಮ್ಮಮ್ಮನಿಗೆ ಫೋನ್ ಮಾಡಿ, "ಮಮತಾ, ನಿಮ್ಮೆಜಮಾನ್ರಿಗೆ ಹೇಳು, ತುಂಬಾ ಉಪಕಾರ ಆಯ್ತು ಅಂತ" ಅಂದೆ. ಎರಡು ನಿಮಿಷಕ್ಕೆ ಮುಂದಿನ ಸೀಟಿನಲ್ಲಿ ಅವರ ಫೋನ್ ಹೊಡೆದುಕೊಂಡಿತು. ಸಾವಿತ್ರಮ್ಮ ಈಗಲೂ ಇದನ್ನು ಊರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ನಿಮ್ಮಪ್ಪ ಅಸೋಸಿಯೇಷನ್ನಿನ ಸೆಕ್ರೆಟರಿ ಆಗಿದ್ದು ಆ ವರ್ಷವೇ. ಮುಂದಿನ ಭಾನುವಾರ ಕ್ಲಬ್ ಹೌಸಿನಲ್ಲಿ ಮೀಟಿಂಗು. ನಾನು ಬೋಂಡಾದ ವಾಸನೆಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಅಧ್ಯಕ್ಷರಾದ ಪದ್ಮನಾಭ ರಾಯರು ಕನ್ನಡಕ ಒರೆಸಿಕೊಂಡು, "ವಿಷಯ, ಬಗ್ಗಿಯ ಟೈರ್" ಅಂದರು. ನಮ್ಮ ಗಾಡಿಗೆ ಮೀಟಿಂಗಿನಲ್ಲಿ ಬಗ್ಗಿ ಅಂತ ಹೆಸರು.

ವಿಕ್ಕಿ ಎದ್ದು ನಿಂತ. ನೀವು ಅವನ ಜೀಪು ನೋಡಿದ್ದೀರಲ್ಲ, ಬೆಟ್ಟ ಹತ್ತುವ, ಹೊಳೆ ದಾಟುವ ಜೀಪು. ದಿನಾ ಬೆಳಗ್ಗೆ ಅದು ಹೆಬ್ಬಾಳದ ಫ್ಲೈಓವರ್ ಹತ್ತಿ, ಅಲ್ಲೇ ಅರ್ಧ ಗಂಟೆ ನಿಂತು, ಇಳಿದು ಆಫೀಸಿಗೆ ಹೋಗುತ್ತದೆ. ಅಂಥ ಅನುಭವಸ್ಥ.

"ಸರ್, ಬಟನ್ ಟೈರ್ ಹಾಕ್ಸೋಣ. ಮೈತುಂಬ ಉಬ್ಬಿಕೊಂಡಿರೋ ದಪ್ಪ ದಪ್ಪ ಗುಬ್ಬಿ ಇರುತ್ತಲ್ಲ, ಅದು. ಗಾಡಿ ಗೋಡೆ ಹತ್ತುತ್ತೆ."

"ಗೋಡೆ ಹತ್ತೋದು ಬೇಡಪ್ಪ, ಬಸ್ ಸ್ಟಾಪಿಗೆ ಹೋದ್ರೆ ಸಾಕು" ಅಂದರು ರಾಯರು.

"ಸೈಜೂ ದೊಡ್ಡದು ಮಾಡ್ಬೇಕು ಸರ್. ಆಗ ಟೈರು ಮೇಲಿನ ಬಾಡೀಗೆ ಉಜ್ಜುತ್ತೆ. ಅದಕ್ಕೆ ಬಾಡಿ ಎತ್ತರಿಸ್ಬೇಕು. ಎತ್ತರಿಸಿದ್ಮೇಲೆ ಆ ಹಳೇ ಕಬ್ಬಿಣದ ರಿಮ್ ಚೆನ್ನಾಗ್ ಕಾಣಲ್ಲ. ಅಲಾಯ್ ವೀಲ್ ಹಾಕ್ಸಲೇಬೇಕು."

ಹಿಂದಿನಿಂದ ಯಾರೋ ಒಬ್ಬರು, "ಆ ಗುಂಡಿಗೆ ಒಂದ್ ಲೋಡ್ ಜಲ್ಲಿ ಹೊಡ್ಸಿದ್ರೆ ಆಗಲ್ವಾ?" ಅಂದರು. ಸಭೆ ಅವರನ್ನು, ಮದುವೆ ಮನೆಯಲ್ಲಿ ತಿಥಿಯ ಮಾತೆತ್ತಿದವರನ್ನು ನೋಡುವಂತೆ ನೋಡಿತು. ರಾಯರು ಸಮಾಧಾನವಾಗಿ ವಿವರಿಸಿದರು: "ರಸ್ತೆ ನಮ್ಮ ವ್ಯಾಪ್ತಿಯಲ್ಲಿ ಬರೋದಿಲ್ಲ. ಟೈರು ಬರುತ್ತೆ." ಅಲ್ಲಿಗೆ ಜಲ್ಲಿಯ ಮಾತು ಮುಗಿಯಿತು. ನನಗೂ ಆ ಕ್ಷಣಕ್ಕೆ ಸರಿ ಅನ್ನಿಸಿತು. ಬೆಂಗಳೂರಿನಲ್ಲಿ ಎಲ್ಲರೂ ಮಾಡುತ್ತಿರುವುದು ಅದೇ ಅಲ್ಲವೇ? ನೀರು ಸರಿಯಿಲ್ಲದಿದ್ದರೆ ಮೆಷಿನ್ನು, ಗಾಳಿ ಸರಿಯಿಲ್ಲದಿದ್ದರೆ ಮಾಸ್ಕು, ರಸ್ತೆ ಸರಿಯಿಲ್ಲದಿದ್ದರೆ ಟೈರು.

ಆಮೇಲಿನ ಚರ್ಚೆಯೆಲ್ಲ ಬಣ್ಣದ ಮೇಲೆ. ಚಕ್ರ ಕಪ್ಪಿರಬೇಕೇ, ಬೆಳ್ಳಗಿರಬೇಕೇ? "ಕಪ್ಪಿನ ಮೇಲೆ ಕೆಸರು ಎದ್ದು ಕಾಣುತ್ತೆ" ಅಂತ ಒಬ್ಬರು. "ಕೆಸರು ಕಾಣ್ಲಿ ಅಂತಾನೇ ಸರ್ ಹಾಕ್ಸೋದು" ಅಂತ ವಿಕ್ಕಿ. ಬೋಂಡಾ ಮುಗಿದರೂ ಇದು ಮುಗಿಯಲಿಲ್ಲ. ಗಾಡಿಯಲ್ಲಿ ಕೂರುವ ನಾವು ಮೂವರೂ ಅಲ್ಲೇ ಕೊನೆಯ ಸಾಲಿನಲ್ಲಿದ್ದೆವು. ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಆಂಟಿ, ಚಟ್ನಿ ಆ ಕಡೆ ಪಾಸ್ ಮಾಡ್ತೀರಾ?"

ಆ ತಿಂಗಳೆಲ್ಲ ನಿಮ್ಮಪ್ಪ ಊಟದ ಮೇಜಿನಲ್ಲಿ ಫೋನಿನೊಳಗೆ ಟೈರು ನೋಡುತ್ತಿದ್ದರು. ಒಂದನ್ನು ಎದುರಿನಿಂದ, ಪಕ್ಕದಿಂದ, ಹಿಗ್ಗಿಸಿ, ಕುಗ್ಗಿಸಿ. ನಿಮ್ಮಮ್ಮನನ್ನು ನೋಡಲು ಬಂದಿದ್ದಾಗ ಅದರ ಕಾಲು ಭಾಗ ಹೊತ್ತೂ ನೋಡಿರಲಿಲ್ಲ. ಆವತ್ತು ಉಪ್ಪಿಟ್ಟು ನೋಡಿ ಒಪ್ಪಿಕೊಂಡಿದ್ದರು.

ಚಕ್ರ ಆರಿಸುವ ಕಷ್ಟ ನಾನು ಕಾಣದ್ದೇನಲ್ಲ. ನಮ್ಮಪ್ಪ ಮರದ ಗಾಲಿಯ ಎತ್ತಿನ ಗಾಡಿ ಮಾರಿ ಟೈರ್ ಗಾಡಿ ಮಾಡಿಸಬೇಕು ಅಂದಾಗ ಮನೆಯಲ್ಲಿ ಎರಡು ಪಕ್ಷವಾಗಿತ್ತು. ತಾತ, "ರಬ್ಬರ್ ಗಾಡೀಲಿ ಸದ್ದೇ ಇಲ್ಲ. ಸದ್ದಿಲ್ದೆ ಬರೋದು ಕಳ್ಳನ ಗಾಡಿ" ಅಂದರು. ಅಪ್ಪ ಕೇಳಲಿಲ್ಲ. ಯಾವುದೋ ಹಳೆಯ ಲಾರಿಯ ಚಕ್ರಗಳು ಬಂದವು. ತಾತ ಮುನಿಸಿಕೊಂಡು ಎತ್ತುಗಳ ಕೊರಳಿಗೆ ಮೊದಲಿಗಿಂತ ಎರಡು ಪಾಲು ಗಂಟೆ ಕಟ್ಟಿದರು. ನಮ್ಮ ಗಾಡಿ ಬಂದರೆ ಊರಿಗೆ ಊರೇ ಯಾವುದೋ ಉತ್ಸವ ಬಂತೇನೋ ಅಂತ ಹೊರಗೆ ಬರುತ್ತಿತ್ತು.

ಆ ಗಾಡಿಯ ತಳವೂ ಹಳೆಯದಕ್ಕಿಂತ ಎತ್ತರ. ನಮ್ಮಜ್ಜಿ ಅದಕ್ಕೆ ಹತ್ತುತ್ತಿದ್ದದ್ದು ಜಗಲಿಯ ಮೇಲಿಂದ ಮಾತ್ರ. ಗಾಡಿಯನ್ನು ಹಿಮ್ಮುಖವಾಗಿ ತಂದು ಜಗಲಿಗೆ ತಾಗಿಸಬೇಕು, ಅಜ್ಜಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಂತೆ ಗಾಡಿಯೊಳಗೆ ಹೋಗಬೇಕು. ಇಳಿಯುವ ಮನೆಯಲ್ಲೂ ಅಷ್ಟೇ. ಜಗಲಿ ತಗ್ಗಾಗಿದ್ದರೆ ಗಾಡಿಯಲ್ಲೇ ಕೂತು ಮಜ್ಜಿಗೆ ತರಿಸಿಕೊಂಡು ಕುಡಿದು ವಾಪಸ್ಸು. ನನಗೆ ಬಂದ ಮೊದಲನೇ ಗಂಡು ತಪ್ಪಿಹೋದದ್ದು ಹೀಗೆ. "ಜಗಲಿ ಕಟ್ಟೋಕೆ ಬರ್ದಿರೋ ಮನೆ, ಹೆಣ್ಣ ಎಂಗ್ ಬಾಳಿಸ್ತಾರೆ?" ಅಂದುಬಿಟ್ಟರು.

ನನಗೆ ಟೈರು ಅಂದರೆ ಬೇರೆ ನೆನಪು. ಸವೆದ ಸೈಕಲ್ ಟೈರು, ಕೈಯಲ್ಲೊಂದು ಕೋಲು. ನಾನು ಟೈರು ಓಡಿಸಿಕೊಂಡು ಹೊರಟರೆ ಊರಿನ ಗಂಡುಹುಡುಗರು ಹಿಂದೆ ಬೀಳುತ್ತಿದ್ದರು. ಬಾಯಿ ಬಾರದ ನನಗೆ ಕಾಲಿನಲ್ಲಿ ಎಲ್ಲ ಮಾತೂ ಇತ್ತು. ಲಂಗದಿಂದ ಉದ್ದ ಲಂಗಕ್ಕೆ ಬಂದ ವರ್ಷ ಅಮ್ಮ ಟೈರು ಕಿತ್ತುಕೊಂಡು ಅಟ್ಟಕ್ಕೆ ಎಸೆದಳು. "ಟೈರ್ ಇಂದೆ ಓಡೋ ಎಣ್ಣಿಗೆ ಊರೂರು ಸುತ್ತೋ ಗಂಡ ಸಿಗ್ತಾನೆ" ಅಂದಳು. ಸಿಕ್ಕವರು ಬಸ್ ಕಂಡಕ್ಟರು. ನಿಮ್ಮಜ್ಜ ಮನೆಯಲ್ಲೂ ಯಾವ ಮಾತನ್ನೇ ಆಗಲಿ "ರೈಟ್" ಅಂತಲೇ ಮುಗಿಸುತ್ತಿದ್ದರು. ಅವರು ರೈಟ್ ಅಂದ ಮೇಲೆ ಜಗಳ ಮುಂದಕ್ಕೆ ಹೋಗಬೇಕೇ ಹೊರತು ಅಲ್ಲೇ ನಿಲ್ಲುವಂತಿರಲಿಲ್ಲ.

ಎಲ್ಲಿಂದೆಲ್ಲಿಗೋ ಬಂದೆ. ಹೊಸ ಚಕ್ರ ಬಂದದ್ದು ಆಯುಧಪೂಜೆಯ ಹೊತ್ತಿಗೆ ಸರಿಯಾಗಿ. ಗಾಡಿಯ ಗುರುತೇ ಸಿಗಲಿಲ್ಲ. ತೊಟ್ಟಿಲಿಗೆ ಟ್ರ್ಯಾಕ್ಟರಿನ ಕಾಲು ಬಂದಿತ್ತು. ಕಪ್ಪು ಅಲಾಯ್, ಮುಷ್ಟಿಯಷ್ಟು ದಪ್ಪದ ಗುಬ್ಬಿಗಳು, ಗುಬ್ಬಿಗಳ ನಡುವೆ ಆಳದ ಸಂದಿ. ಹಳೆಯ ಪುಟ್ಟ ಚಕ್ರಗಳನ್ನು ಟ್ರಾನ್ಸ್‌ಫಾರ್ಮರಿನ ಪಕ್ಕ ಒಂದರ ಮೇಲೊಂದು ಪೇರಿಸಿದ್ದರು. ಮುನಿರಾಜು ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು, "ಇದು ಬಗ್ಗಿ ಅಲ್ಲಮ್ಮೋರೇ, ನಮ್ ಜೀಪು" ಅಂದ.

ಕುಂಬಳಕಾಯಿ ಒಡೆದರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ರಾಯರು ಹಸಿರು ಬಾವುಟ ಬೀಸಿದರು. ಗಾಡಿ ಮುಂದೆ ಬಂತು. ಮೂರು ನಿಂಬೆಹಣ್ಣು ಪಚ್ಚೆಂದವು. ನಾಲ್ಕನೆಯದು ಮಾತ್ರ ಎರಡು ಗುಬ್ಬಿಗಳ ನಡುವಿನ ಸಂದಿಯಲ್ಲಿ ನೆಟ್ಟಗೆ ಹೋಗಿ ಕೂತು, ಚಕ್ರದ ಜೊತೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಜಾತ್ರೆಯ ತಿರುಗಣಿಯಲ್ಲಿ ಕೂತ ಮಗುವಿನ ಹಾಗೆ, ಒಂದು ಗೀರೂ ಇಲ್ಲದೆ.

"ನಿಲ್ಸು, ನಿಲ್ಸು! ನಿಂಬೆಹಣ್ಣು ಒಡೀಲಿಲ್ಲ" ಅಂತ ಸಾವಿತ್ರಮ್ಮ ಕೂಗಿದರು.

"ಅದು ಗ್ರಿಪ್ ಆಂಟಿ! ನೋಡಿ ಎಂಥಾ ಗ್ರಿಪ್ಪು!" ಅಂತ ವಿಕ್ಕಿ ಚಪ್ಪಾಳೆ ತಟ್ಟಿದ.

"ಗ್ರಿಪ್ಪೋ ಗಿಪ್ಪೋ, ದೃಷ್ಟಿ ಹಾಗೇ ಉಳ್ಕೊಂಡ್ತಲ್ಲಪ್ಪ."

ಕಮಿಟಿ ಅಲ್ಲೇ ರಸ್ತೆಯಲ್ಲಿ ತುರ್ತು ಸಭೆ ಸೇರಿತು. ಹಣ್ಣನ್ನು ಸಂದಿಯಿಂದ ಕೀಳಬೇಕೇ, ಅಲ್ಲೇ ಜಜ್ಜಬೇಕೇ? ಹಿಂದಕ್ಕೆ ಓಡಿಸಿದರೆ ಆದೀತು ಅಂತ ಯಾರೋ ಹೇಳಿ ಹಿಂದಕ್ಕೆ ಓಡಿಸಿದರು. ನಿಂಬೆಹಣ್ಣು ಹಿಂದಕ್ಕೂ ಸವಾರಿ ಮಾಡಿತು. ಕೊನೆಗೆ ನಿಮ್ಮಪ್ಪನೇ ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಬೂಟಿನ ಹಿಮ್ಮಡಿಯಲ್ಲಿ ತುಳಿದು, ಸೆಕ್ರೆಟರಿಯ ಕರ್ತವ್ಯ ಪೂರೈಸಿದರು.

"ಈಗ ಹಿರಿಯರು ಬರ್ಬೇಕು. ಮೊದಲ ಸವಾರಿ ಅವರದು" ಅಂದರು ರಾಯರು.

ನಾವು ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದೆವು. ಮುಂದೆ ಬಂದು ನಿಂತೆವು. ಗಾಡಿಯ ತಳ ನನ್ನ ಮಂಡಿಗಿಂತ ಮೇಲಿತ್ತು. ಸಾವಿತ್ರಮ್ಮ ಒಂದು ಕಾಲು ಎತ್ತಿದರು, ಸೀರೆ ಬಿಗಿಯಿತು, ಕಾಲು ಇಳಿಸಿದರು. ಇನ್ನೂ ಮೇಲೆ ಎತ್ತಬೇಕಾದರೆ ಸೀರೆಯನ್ನೂ ಮಂಡಿಯ ಮೇಲಕ್ಕೆ ಎತ್ತಬೇಕು. ಸುತ್ತ ಇಡೀ ಲೇಔಟು ಫೋನ್ ಹಿಡಿದು ವಿಡಿಯೋ ಮಾಡುತ್ತಿದೆ. ಹಸೀನಾ ಬೀ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಅರೆ ಅಲ್ಲಾ, ಇದು ಗಾಡಿನಾ, ಆನೆನಾ?" ಅಂತ ನನ್ನ ಕಿವಿಯಲ್ಲಿ ಅಂದರು.

"ಕೈ ಕೊಡಿ ಆಂಟಿ, ಎತ್ಬಿಡ್ತೀನಿ" ಅಂತ ವಿಕ್ಕಿ ಬಂದ.

ಮೂವರೂ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದೆವು. "ಇವತ್ತು ಬೇಡಪ್ಪ, ಇನ್ನೊಂದ್ಸಲ" ಅಂದೆವು. ನಿಮ್ಮಂಥ ಮಕ್ಕಳು ಹೋ ಅಂತ ನುಗ್ಗಿ ಹತ್ತಿದಿರಿ. ಗಾಡಿ ಗೇಟು ದಾಟಿ ಕೆಸರಿಗೆ ಇಳಿದು, ಕೇಬಲ್ಲಿನ ಗುಂಡಿಯನ್ನು ಲೆಕ್ಕಕ್ಕೇ ಇಡದೆ ಗುಟುರು ಹಾಕಿಕೊಂಡು ಹೋಯಿತು. ಗಾಡಿ ಕೆಸರನ್ನು ಗೆದ್ದಿತು. ಯಾರಿಗಾಗಿ ಗೆದ್ದಿತೋ ಅವರು ಗೇಟಿನ ಒಳಗೇ ಉಳಿದೆವು.

ನಾವು ಯಾಕೆ ಹತ್ತುತ್ತಿಲ್ಲ ಅನ್ನುವುದು ಕಮಿಟಿಗೆ ಗೊತ್ತಾಗಲೇ ಇಲ್ಲ. ನಾವೂ ಹೇಳಲಿಲ್ಲ. ಸೀರೆ ಎಲ್ಲಿಯವರೆಗೆ ಎತ್ತಬೇಕಾಗುತ್ತದೆ ಅನ್ನುವುದನ್ನು ಯಾವ ಹೆಂಗಸು ಗಂಡಸರ ಕಮಿಟಿಗೆ ಬಾಯಿಬಿಟ್ಟು ಹೇಳುತ್ತಾಳೆ? ನನ್ನ ಪಾಡು ಇನ್ನೂ ಚೆಂದ. ಕಮಿಟಿಯ ಸೆಕ್ರೆಟರಿ ನನ್ನ ಅಳಿಯ! ಇಂಚರಳ ಬಾಯಲ್ಲಿ ಚಟ್ನಿಯ ಸುದ್ದಿ ಕಳಿಸಬಹುದು, ಮಂಡಿಯ ಸುದ್ದಿ ಕಳಿಸುವುದು ಹೇಗೆ? ನಿಮ್ಮಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಅವಳು, "ಇಷ್ಟೇನಾ, ನಾಳೆಯಿಂದ ಇವರೇ ಕಾರಲ್ಲಿ ಬಿಡ್ತಾರೆ" ಅನ್ನುತ್ತಿದ್ದಳು. ಮತ್ತೆ ಅಲ್ಲಿಗೇ ಬಂತು.

ಕಮಿಟಿಯವರು ಬುದ್ಧಿವಂತರು, ಫೋನಿನಲ್ಲಿ ಒಂದು ಸಮೀಕ್ಷೆ ಕಳಿಸಿದರು. ಇಂಚರ ನನಗೆ ಓದಿ ಹೇಳಿದಳು. ಹಿರಿಯರು ಬಗ್ಗಿ ಬಳಸದಿರಲು ಕಾರಣವೇನು? ಸಮಯ ಸರಿಯಿಲ್ಲ. ಸೀಟು ಸರಿಯಿಲ್ಲ. ಡ್ರೈವರ್ ಸರಿಯಿಲ್ಲ. ಆಸಕ್ತಿಯಿಲ್ಲ. ನಮ್ಮ ಕಾರಣ ಅದರಲ್ಲಿ ಇರಲಿಲ್ಲ. ಡ್ರೈವರ್ ಸರಿಯಿಲ್ಲ ಅಂದರೆ ಮುನಿರಾಜುವಿನ ಹೊಟ್ಟೆಗೆ ಕಲ್ಲು. "ಆಸಕ್ತಿಯಿಲ್ಲ, ಅದನ್ನೇ ಒತ್ತು" ಅಂದೆ. ಸಾವಿತ್ರಮ್ಮನೂ ಅದನ್ನೇ ಒತ್ತಿಸಿದ್ದರು. ಹಸೀನಾ ಬೀಯೂ.

ಆ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ನಿಮ್ಮಮ್ಮನಿಗೆ ಹೇಳುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸಾರು ಬಗ್ಗಿಸುತ್ತಿದ್ದೆ. "ಹಿರಿಯರಿಗೆ ಯಾರಿಗೂ ಇಂಟರೆಸ್ಟ್ ಇಲ್ವಂತೆ. ಅಷ್ಟು ಮಾಡಿ ಏನು ಸುಖ? ಹೆಸರಘಟ್ಟದ ಕಡೆ ಒಂದು ರೆಸಾರ್ಟಿನವರು ಕೇಳ್ತಿದಾರೆ, ಟೈರ್ ನೋಡಿ ಇಷ್ಟಪಟ್ರು. ಶನಿವಾರ ಬಂದು ತಗೊಂಡು ಹೋಗ್ತಾರೆ." ಅವರ ದನಿಯಲ್ಲಿ ಬೇಜಾರಿತ್ತು. ಪ್ರೀತಿಯಿಂದ ತಂದ ಸೀರೆಯನ್ನು ಹೆಂಡತಿ ಉಡದೇ ಇದ್ದಾಗ ಬರುವ ಬೇಜಾರು.



ಮಾರನೇ ದಿನ ಅಕ್ಕ ಫೋನ್ ಮಾಡಿದಳು. "ಏನೇ ಗೌರಿ, ಸತ್ತಿದ್ಯಾ ಬದುಕಿದ್ಯಾ? ಎಷ್ಟ್ ಸನಿವಾರ ಆಯ್ತು?"

"ಗಾಡಿ ಎತ್ತರ ಆಗೋಯ್ತು ಅಕ್ಕ."

"ಗಾಡಿ ಎತ್ರ ಆಯ್ತೋ, ನೀನು ದೊಡ್ಡೋಳಾದ್ಯೋ? ಅವರೇಕಾಯಿ ಬಂದೈತೆ ಕಣೇ, ಸೊಗಡು ಗಮ್ ಅಂತೈತೆ. ನೆನೆಯಾಕ್ತೀನಿ. ನನ್ ಬೆಳ್ಳು ನೋಯ್ತವೆ, ಒಬ್ಳೇ ಇಸುಕಕ್ಕಾಗಲ್ಲ. ಈ ಸನಿವಾರ ಬಂದ್ರೆ ಬಾ. ಇಲ್ದಿದ್ರೆ ನಾನೇ ತೆವಳ್ಕೊಂಡ್ ಬತ್ತೀನಿ."

ನೆನೆಸಿದ ಅವರೆಕಾಳನ್ನು ಹಿಸುಕುವುದು ಒಬ್ಬರ ಕೆಲಸವಲ್ಲ, ಮಕ್ಕಳೇ. ಬೆರಳು ಕಾಳು ಹಿಸುಕುತ್ತಿರಬೇಕು, ಬಾಯಿ ಊರಿನವರನ್ನೆಲ್ಲ ಹಿಸುಕುತ್ತಿರಬೇಕು. ಅಕ್ಕನ ಮುಂದೆ ನನಗೆ ಬಾಯಿ ಬರುತ್ತದೆ. ಪ್ರಪಂಚದಲ್ಲಿ ನಾನು ಮಾತುಗಾರ್ತಿಯಾಗಿರುವ ಜಾಗ ಅದೊಂದೇ. ಆ ಜಾಗವೂ ಶನಿವಾರ ಬೆಳಗ್ಗೆ ರೆಸಾರ್ಟಿಗೆ ಹೊರಟುಹೋಗಲಿತ್ತು.

ಶನಿವಾರ ಬೆಳಗ್ಗೆ ಗಾಡಿಯನ್ನು ತೊಳೆದು ಕ್ಲಬ್ ಹೌಸಿನ ಮುಂದೆ ನಿಲ್ಲಿಸಿದ್ದರು. ರಾಯರು, ವಿಕ್ಕಿ, ನಿಮ್ಮಪ್ಪ, ಇನ್ನೂ ಕೆಲವರು ರೆಸಾರ್ಟಿನವರಿಗೆ ಕಾಯುತ್ತಿದ್ದರು. ಮುನಿರಾಜು ಸ್ಟಿಯರಿಂಗ್ ಹಿಡಿದು ಹೆಣ್ಣೊಪ್ಪಿಸಿಕೊಡುವ ತಂದೆಯಂತೆ ಕೂತಿದ್ದ. ನಾನು ಚೀಲ ಹಿಡಿದು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ. ಆಟೋದವರು ಆ ಕೆಸರಿಗೆ ಬರುವುದಿಲ್ಲ. ಅದರಲ್ಲಿ ಅಷ್ಟು ದೂರ ನಡೆಯುವುದು ನನ್ನಿಂದ ಆಗದು. ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದಾಗ ಆ ಹಳೆಯ ಚಕ್ರಗಳು ಕಂಡವು. ಮೇಲಿನದು ಮಲಗಿಸಿಟ್ಟ ಸಿಂಬೆಯ ಹಾಗೆ ದುಂಡಗೆ, ಗಟ್ಟಿಯಾಗಿ, ಮೆಟ್ಟಿಲಿನಷ್ಟೇ ಎತ್ತರವಾಗಿ ಇತ್ತು.

ಅಷ್ಟೇ ನೋಡಿದ್ದು. ಆಮೇಲಿನದನ್ನು ಯೋಚನೆ ಮಾಡಿ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಚೀಲವನ್ನು ಹೆಗಲಿಗೆ ಹಾಕಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಆ ಚಕ್ರವನ್ನು ಜಾರಿಸಿ ನಿಲ್ಲಿಸಿದೆ, ಅಂಗೈಯಲ್ಲಿ ಒಂದು ತಟ್ಟು ತಟ್ಟಿದೆ. ಅದು ಹೊರಟಿತು. ಹಿಂದೆ ನಾನು. ಅಟ್ಟಕ್ಕೆ ಎಸೆದ ಟೈರು ಎಷ್ಟೋ ವರ್ಷಕ್ಕೆ ಇಳಿದು ಬಂದ ಹಾಗೆ. ಎಡಕ್ಕೆ ವಾಲಿದರೆ ಬಲಕ್ಕೆ ತಟ್ಟು, ಬಲಕ್ಕೆ ವಾಲಿದರೆ ಎಡಕ್ಕೆ ತಟ್ಟು. ಕೈ ಮರೆತಿರಲಿಲ್ಲ. "ಅಜ್ಜೀ! ಅಜ್ಜಿ ಟೈರ್ ಓಡಿಸ್ತಿದಾರೆ!" ಅಂತ ಚಿನ್ನು ಕಿರುಚಿದ್ದು ಕೇಳಿಸಿತು. ಸಾವಿತ್ರಮ್ಮ ಪೂಜೆಯ ತಟ್ಟೆ ಹಿಡಿದೇ ಹೊರಗೆ ಬಂದರು. ಹಸೀನಾ ಬೀ ಒಂದು ಚಪ್ಪಲಿಯಲ್ಲಿ.

ಗಾಡಿಯ ಪಕ್ಕಕ್ಕೆ ತಂದು ಚಕ್ರವನ್ನು ಅಡ್ಡ ಕೆಡವಿದೆ. ಅಂಗಳದಲ್ಲಿ ಅದು ಸ್ವಲ್ಪ ಅಲುಗಾಡುತ್ತಿತ್ತು. ಯಾರಾದರೂ ಹಿಡಿದುಕೊಳ್ಳಬೇಕು. ತೀರ ಹತ್ತಿರ ನಿಂತಿದ್ದವರು ನಿಮ್ಮಪ್ಪ. ನಾನು ನಿಮಗಾಗಿ ಹುಡುಕಿದೆ. ಇಂಚರ ದೂರದಲ್ಲಿ ಬಾಯಿ ತೆರೆದು ನಿಂತಿದ್ದಳು. ಚಿನ್ನು ನೆಲದಲ್ಲಿ ಬಿದ್ದು ನಗುತ್ತಿದ್ದ. ಕಂಬವೂ ಇರಲಿಲ್ಲ. ದೂರದಲ್ಲಿ ಗೇಟಿನ ಹತ್ತಿರ ರೆಸಾರ್ಟಿನವರ ಹಾರ್ನ್ ಕೇಳಿಸಿತು.

ಅವರ ಮುಖ ನೋಡಿದೆ.

"ಅಳಿಯಂದ್ರೇ, ಇದನ್ನ ಅಲ್ಲಾಡದ ಹಾಗೆ ಹಿಡ್ಕೊಳ್ಳಿ" ಅಂದೆ. "ಹಿಡ್ಕೊಂಡು, ಆ ಕಡೆ ತಿರುಗಿ."

ನಿಮ್ಮಪ್ಪನಿಗೆ ಮೊದಲು ನಾನು ಯಾರ ಹತ್ತಿರ ಮಾತಾಡಿದೆ ಅಂತ ತಿಳಿಯಲಿಲ್ಲ. ಹಿಂದೆ ತಿರುಗಿ ನೋಡಿದರು, ಯಾರೂ ಇರಲಿಲ್ಲ. ನನ್ನನ್ನು ನೋಡಿದರು. ಸೀರೆ ನೋಡಿದರು, ಗಾಡಿಯ ತಳ ನೋಡಿದರು, ಪುಟ್ಟ ಚಕ್ರ ನೋಡಿದರು. ಮುಖ ಕೆಂಪಾಯಿತು. ಮಂಡಿಯೂರಿ ಚಕ್ರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕತ್ತನ್ನು ಕಾಂಪೌಂಡ್ ಗೋಡೆಯ ಕಡೆ ತಿರುಗಿಸಿದರು.

"ಎಲ್ಲರಿಗೂ ಹೇಳಿದ್ದು" ಅಂದರು ಸಾವಿತ್ರಮ್ಮ. ರಾಯರು ತಿರುಗಿದರು. ವಿಕ್ಕಿ ತಿರುಗಿದ. ಇಡೀ ಕಮಿಟಿ ಗೋಡೆ ನೋಡುತ್ತಾ ಸಾಲಾಗಿ ನಿಂತಿತು, ಶಾಲೆಯಲ್ಲಿ ಮನೆಗೆಲಸ ಮಾಡದೆ ಬಂದ ಹುಡುಗರ ಹಾಗೆ. ನಾನು ಹತ್ತಿದೆ. ಸಾವಿತ್ರಮ್ಮ ಪೂಜೆಯ ತಟ್ಟೆಯ ಸಮೇತ ಹತ್ತಿದರು. ಹಸೀನಾ ಬೀ ಇನ್ನೊಂದು ಚಪ್ಪಲಿ ತರಿಸಿಕೊಂಡು ಹತ್ತಿದರು. ಕೆಸರು ಗೆದ್ದ ಟೈರಿನ ಮೇಲೆ ಮೊದಲ ಸಲ ಕೂತೆವು. ನಿಜ ಹೇಳಬೇಕು, ಮೇಲಿನಿಂದ ನೋಟ ಚೆನ್ನಾಗಿತ್ತು.

ಹೊರಡುವ ಹೊತ್ತಿಗೆ ಸೀಟಿಯ ಸದ್ದಿಗೆ ಕಾದಂತೆ ಮುನಿರಾಜು ಹಿಂದೆ ನೋಡಿದ. ನಿಮ್ಮಜ್ಜ ಇದ್ದಿದ್ದರೆ ಹೇಳುತ್ತಿದ್ದರು. ಅವರಿಲ್ಲ, ನಾನೇ ಹೇಳಿದೆ.

"ರೈಟ್."

ಗಾಡಿ ಹೊರಟಿತು. ಎದುರಿಗೆ ಬಂದ ರೆಸಾರ್ಟಿನವರ ಕಾರು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಹಿಂದಿನಿಂದ, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು ನಿಮ್ಮಪ್ಪ ಕೂಗಿದ್ದು ಕೇಳಿಸಿತು:

"ಅತ್ತೇ, ಈಗ ತಿರುಗ್ಬಹುದಾ?"

ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ಬಸ್ಸಿನ ರಸ್ತೆ ಮುಟ್ಟಿದ ಮೇಲೆ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಹತ್ತುವ ಚಕ್ರವನ್ನು ಅಲ್ಲೇ ಬಿಟ್ಟು ಬಂದಿದ್ದೆವು, ಇಳಿಯುವುದು ಹೇಗೆ? ನಾನು ಬೀಗ ಹಾಕಿದ್ದ ಒಂದು ಅಂಗಡಿಯ ಕಟ್ಟೆ ತೋರಿಸಿ, "ಮುನಿರಾಜು, ರಿವರ್ಸ್ ತಗೊಂಡು ಅದಕ್ಕೆ ತಾಗಿಸಪ್ಪ" ಅಂದೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಂತೆ ಇಳಿದೆವು. ನಮ್ಮಜ್ಜಿ ನೋಡಿದ್ದರೆ ಆ ಅಂಗಡಿಯವನಿಗೆ ಹೆಣ್ಣು ಕೊಡುತ್ತಿದ್ದರು.

ಬಾಗಲಗುಂಟೆಯಲ್ಲಿ ಅಕ್ಕ ನೆನೆಸಿದ ಅವರೆಯ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಳು. ನಾನು ನಡೆದದ್ದನ್ನು ಹೇಳಿದೆ.

"ಅಳಿಯಂದ್ರ ಜೊತೆ ಮಾತಾಡ್ದ್ಯಾ? ನೀನಾ?" ಅಕ್ಕನ ಬೆರಳು ನಿಂತಿತು. "ಏನಂದೆ, ಯೇಳು."

"ಆ ಕಡೆ ತಿರುಗಿ ಅಂದೆ."

ಅಕ್ಕ ನಕ್ಕ ರಭಸಕ್ಕೆ ಹಿಸುಕಿದ ಬೇಳೆಯೆಲ್ಲ ಮಡಿಲಿನಿಂದ ನೆಲಕ್ಕೆ ಚೆಲ್ಲಿತು. "ಅಯ್ ನಿನ್ ಮನೆ ಕಾಯ್ವೋಗ! ಇಷ್ಟು ವರ್ಸ ಬಾಯಿ ಕಟ್ಕೊಂಡಿದ್ದು, ಬಿಟ್ಮೇಲೆ ಇದೇನೇ ಮೊದಲ್ನೇ ಮಾತು?"

ಗಾಡಿ ರೆಸಾರ್ಟಿಗೆ ಹೋಗಲಿಲ್ಲ. ಮುಂದಿನ ವಾರ ಎರಡೂ ಬದಿಗೆ ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕಿಸಿದರು. ಮೀಟಿಂಗಿನಲ್ಲಿ ರಾಯರು ಅದಕ್ಕೆ "ಹಿರಿಯ ನಾಗರಿಕರ ಹತ್ತುವಿಕೆ ಸುಧಾರಣಾ ಕ್ರಮ" ಅಂತ ಹೆಸರಿಟ್ಟರು. ವಿಕ್ಕಿ ಮೆಟ್ಟಿಲಿಗೂ ಕಪ್ಪು ಬಣ್ಣ ಹೊಡೆಸಿದ. ಗುಂಡಿ ಹಾಗೇ ಇದೆ, ಅದು ವ್ಯಾಪ್ತಿಯಲ್ಲಿ ಬರುವುದಿಲ್ಲ. ಹಳೆಯ ಚಕ್ರಗಳು ಗುಜರಿಗೆ ಹೋಗುವಾಗ ನಿಮ್ಮಪ್ಪ ಒಂದರ ಟೈರನ್ನು ಕಳಚಿಸಿ, ತೊಳೆದು, ತಾವೇ ಹೊತ್ತು ತಂದು ಬಾಲ್ಕನಿಯಲ್ಲಿ ಇಟ್ಟರು.

ನಿಮ್ಮ ಕೊಬ್ಬರಿ ಮಿಠಾಯಿಯ ವ್ಯಾಪಾರ ಆ ದಿನದಿಂದ ಮುಳುಗಿತು, ಅದು ನನಗೂ ಗೊತ್ತು. ಏನು ಮಾಡುವುದು? ಈಗ ಬೆಳಗ್ಗೆ ನಾನು ದೊಡ್ಡಪತ್ರೆ ಚಿವುಟಿ ತಂಬುಳಿಗೆ ಅರೆಯುತ್ತಿರುವಾಗ ನಿಮ್ಮಪ್ಪ ಕಾಫಿಗೆ ಬರುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ಬೇಕೆಂದೇ ಬೆನ್ನು ಮಾಡಿ ನಿಂತು, ಗೋಡೆಯ ಕ್ಯಾಲೆಂಡರಿಗೆ ಕೇಳುತ್ತಾರೆ:

"ಅತ್ತೇ, ತಿರುಗ್ಬಹುದಾ?"

"ತಿರುಗಿ" ಅನ್ನುತ್ತೇನೆ. "ಕಾಫಿ ಆರ್ತಿದೆ."